ಪಾನಕದ ಕೊಳಗದಲ್ಲಿ ಬೆಲ್ಲ ಇಳಿಯಲಿ, ನಿಂಬೆ ಏರಲಿ

ಮಾನ್ಯ ಸಂಪಾದಕರೇ,

ರಾಮನವಮಿ ಬಂತೆಂದರೆ ಬೀದಿಬೀದಿಯಲ್ಲೂ ಚಪ್ಪರ ಏಳುತ್ತದೆ, ಪಾನಕ, ನೀರುಮಜ್ಜಿಗೆ, ಕೋಸಂಬರಿ ಹಂಚುವ ಕೈಗಳಿಗೆ ಬಿಡುವೇ ಇರುವುದಿಲ್ಲ. ಕಿಡ್ನಿಯಲ್ಲಿ ಕಲ್ಲು ಕಟ್ಟುವುದಕ್ಕೂ ಇದೇ ಬಿಸಿಲುಗಾಲ ಅನುಕೂಲ. ಬೆವರಿನಲ್ಲಿ ನೀರು ಹೋಗಿ ಮೂತ್ರ ಗಟ್ಟಿಯಾದಷ್ಟೂ ಅದರಲ್ಲಿರುವ ಕ್ಯಾಲ್ಸಿಯಂ ಮತ್ತು ಆಕ್ಸಲೇಟ್ (ಕೆಲವು ಸೊಪ್ಪು, ಬೀಜಗಳಲ್ಲಿರುವ, ದೇಹದಲ್ಲೂ ಉಂಟಾಗುವ ಒಂದು ವಸ್ತು) ಸೇರಿ ಹರಳುಗಟ್ಟುತ್ತವೆ. ಒಮ್ಮೆ ಕಲ್ಲಿನ ನೋವು ತಿಂದವರಿಗೆ ಹಬ್ಬದ ದಿನ ಯಾವುದನ್ನು ಕುಡಿಯುವುದು, ಯಾವುದನ್ನು ಬಿಡುವುದು ಎಂಬ ಅಂಜಿಕೆ ಇದ್ದೇ ಇರುತ್ತದೆ. ನಮ್ಮ ಪಾನಕ, ಮಜ್ಜಿಗೆಗಳೇ ಅವರಿಗೆ ಒಳ್ಳೆಯ ಆಯ್ಕೆ. ಕೆಟ್ಟಿರುವುದು ಬೆಲ್ಲ, ಉಪ್ಪಿನ ಅಳತೆ. ಚಪ್ಪರ ಹಾಕುವ ಸಮಿತಿಗಳು ಅದನ್ನು ಸರಿಪಡಿಸಲಿ ಎಂದು ಈ ಪತ್ರ.

ಲೀಟರ್ ನೀರಿಗೆ 200 ಗ್ರಾಂ ಬೆಲ್ಲ ಕರಗಿಸಿದರೆ 200 ಮಿ.ಲೀ. ಲೋಟವೊಂದರಲ್ಲಿ ಹತ್ತಿರಹತ್ತಿರ 40 ಗ್ರಾಂ ಬೆಲ್ಲ ಇರುತ್ತದೆ. ಬೆಲ್ಲ ಸಹಜವಾದದ್ದು ಎಂಬ ಸಮಾಧಾನ ಇಲ್ಲಿ ಸಲ್ಲದು, ಅದರ ಬಹುಪಾಲು ಸಕ್ಕರೆಯೇ. ಆ ಸಕ್ಕರೆಯ ಅರ್ಧ ಭಾಗ ದೇಹದಲ್ಲಿ ಫ್ರಕ್ಟೋಸ್ ಎಂಬ ಹಣ್ಣಿನ ಸಕ್ಕರೆ ಆಗುತ್ತದೆ, ಅದರಿಂದ ಮೂತ್ರದಲ್ಲಿ ಕಲ್ಲಿಗೆ ದಾರಿಯಾಗುವ ಕ್ಯಾಲ್ಸಿಯಂ, ಯೂರಿಕ್ ಆಮ್ಲ ಎರಡೂ ಹೆಚ್ಚಬಹುದು. ನಿಂಬೆಯ ಕೆಲಸ ಇದಕ್ಕೆ ತದ್ವಿರುದ್ಧ. ಹುಳಿಯಿಂದ ಕಲ್ಲಾಗುತ್ತದೆಂದು ಹೆದರುವವರಿದ್ದಾರೆ, ಆದರೆ ನಿಂಬೆಯ ಹುಳಿಯಿಂದ ಸಿಗುವ ಸಿಟ್ರೇಟ್ ಎಂಬ ಅಂಶ ಮೂತ್ರದಲ್ಲಿ ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡು ಆಕ್ಸಲೇಟಿನ ಜೊತೆ ಸೇರದಂತೆ ತಡೆಯುತ್ತದೆ.

10 ಲೀಟರ್ ನೀರಿಗೆ ಅರ್ಧ ಕಿಲೋ ಬೆಲ್ಲ, ರಸಭರಿತ 25 ನಿಂಬೆಹಣ್ಣು, 15 ಏಲಕ್ಕಿ, ಎರಡೆರಡು ಚಮಚ ಒಣಶುಂಠಿ ಮತ್ತು ಮೆಣಸಿನ ಪುಡಿ ಸಾಕು. ಲೋಟಕ್ಕೆ 10 ಗ್ರಾಂ ಬೆಲ್ಲವಷ್ಟೇ ಬೀಳುತ್ತದೆ, ಏಲಕ್ಕಿಯ ಘಮ ಮತ್ತು ಶುಂಠಿಯ ಖಾರ ಇರುವುದರಿಂದ ಸಪ್ಪೆ ಎನಿಸುವುದಿಲ್ಲ. ಬೆಲ್ಲವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಪೂರ್ತಿ ಆರಿದ ಮೇಲೆ ನಿಂಬೆರಸ ಹಾಕಿ. ರಸವನ್ನೂ ಸೋಸಲೇಬೇಕು. ಬೀಜ, ಸಿಪ್ಪೆ ಕೊಳಗದಲ್ಲಿ ಉಳಿದರೆ ಸ್ವಲ್ಪ ಹೊತ್ತಿಗೇ ಕಹಿ ಏರುತ್ತದೆ, ಆಗ ಯಾರೋ ಒಬ್ಬರು ಮತ್ತೆರಡು ಅಚ್ಚು ಬೆಲ್ಲ ಸುರಿಯುತ್ತಾರೆ. ಕಲಾಯಿ ಹೋದ ಹಿತ್ತಾಳೆ ಪಾತ್ರೆ ಬೇಡವೇ ಬೇಡ: ನಿಂಬೆಯ ಹುಳಿ ತಾಮ್ರವನ್ನು ಬಿಡಿಸುತ್ತದೆ, ಕುಡಿದವರಿಗೆ ವಾಂತಿಯಾಗಬಹುದು. ಸ್ಟೀಲ್ ಪಾತ್ರೆಯೇ ಲೇಸು. ಕರಬೂಜದ ಪಾನಕ ಮಾಡುವವರು ಹಣ್ಣು ಚೆನ್ನಾಗಿ ಕಳಿತದ್ದಾದರೆ ಬೆಲ್ಲವನ್ನು ಇನ್ನೂ ಇಳಿಸಬಹುದು, ಅದರ ಪೊಟ್ಯಾಸಿಯಂ ಮೂತ್ರದ ಸಿಟ್ರೇಟನ್ನು ಹೆಚ್ಚಿಸಲು ನೆರವಾಗುತ್ತದೆ. ಸಕ್ಕರೆ ಕಾಯಿಲೆ ಇರುವವರಿಗಾಗಿ ಬೆಲ್ಲವಿಲ್ಲದ ನಿಂಬೆನೀರಿನ ಒಂದು ಪಾತ್ರೆ ಪಕ್ಕದಲ್ಲಿರಲಿ.

ಮಜ್ಜಿಗೆಯ ವಿಷಯದಲ್ಲಿ ಎರಡು ತಪ್ಪು. ಒಂದು ಉಪ್ಪು. ಲೀಟರಿಗೆ ಒಂದು ಟೀ ಚಮಚ ಉಪ್ಪು ಹಾಕಿದರೆ ಲೋಟಕ್ಕೆ ಒಂದು ಗ್ರಾಂಗಿಂತ ಹೆಚ್ಚಾಯಿತು. ನಾಲ್ಕು ಲೋಟ ಕುಡಿದವರು ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವ 5 ಗ್ರಾಂ ಮಿತಿಯ ಅಂಚಿಗೆ ಬಂದುಬಿಡುತ್ತಾರೆ. ಕಿಡ್ನಿ ಸೋಡಿಯಂ ಹೊರಹಾಕುವಾಗ ಜೊತೆಗೆ ಕ್ಯಾಲ್ಸಿಯಂ ಅನ್ನೂ ಹೊರಹಾಕುತ್ತದೆ. 10 ಲೀಟರ್ ಮಜ್ಜಿಗೆಗೆ ಮಟ್ಟಸವಾಗಿ ನಾಲ್ಕು ಟೀ ಚಮಚ ಉಪ್ಪು ಸಾಕು, ಉಳಿದ ರುಚಿಯನ್ನು ಜಜ್ಜಿದ ಶುಂಠಿ, ಹಸಿಮೆಣಸಿನಕಾಯಿ, ಕರಿಬೇವು, ಇಂಗಿನ ಒಗ್ಗರಣೆಗೆ ಬಿಡಿ. ಬೆಳಿಗ್ಗೆಯೇ ಅಷ್ಟನ್ನೂ ಕಡೆದಿಟ್ಟರೆ ಮಧ್ಯಾಹ್ನಕ್ಕೆ ಹುಳಿಯಾಗುತ್ತದೆ, ಹುಳಿ ಮುಚ್ಚಲು ಮತ್ತೆ ಉಪ್ಪು ಬೀಳುತ್ತದೆ. ಮೊಸರನ್ನು ತಂಪಿನಲ್ಲಿಟ್ಟು ಬೇಕಾದಾಗ ಬೇಕಾದಷ್ಟೇ ಕಡೆಯುವುದು ಜಾಣತನ.

ಇನ್ನೊಂದು ತಪ್ಪು, ಕಲ್ಲು ಕ್ಯಾಲ್ಸಿಯಂನದು ಎಂದು ಹಾಲು-ಮೊಸರನ್ನೇ ಬಿಡುವುದು. ಊಟದ ಜೊತೆ ಹೋದ ಕ್ಯಾಲ್ಸಿಯಂ ಆಹಾರದ ಆಕ್ಸಲೇಟನ್ನು ಕರುಳಿನಲ್ಲೇ ಹಿಡಿದು ಮಲದಲ್ಲಿ ಕಳಿಸುತ್ತದೆ. 2002ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದರಲ್ಲಿ, ಕ್ಯಾಲ್ಸಿಯಂ ಎಂದಿನಷ್ಟೇ ಇಟ್ಟುಕೊಂಡು ಉಪ್ಪು, ಮಾಂಸ ಕಡಿಮೆ ಮಾಡಿದವರಲ್ಲಿ ಮತ್ತೆ ಕಲ್ಲಾಗುವ ಅಪಾಯ ಕ್ಯಾಲ್ಸಿಯಂ ಕಡಿಮೆ ಮಾಡಿದವರಿಗಿಂತ ಸುಮಾರು ಅರ್ಧಕ್ಕೆ ಇಳಿದಿತ್ತು. ಹಾಗಾಗಿ ಮಜ್ಜಿಗೆ ಊಟದ ಜೊತೆಗೇ ಇರಲಿ.

ಎಳನೀರು ಒಳ್ಳೆಯದು. ಕೋಲಾ, ಬಾಟಲಿ ಜ್ಯೂಸು ಬೇಡ, ಕಬ್ಬಿನ ಹಾಲು ಅಪರೂಪಕ್ಕೆ ಸಾಕು. ಬಾದಾಮಿಯಲ್ಲಿ ಆಕ್ಸಲೇಟ್ ಬಹಳ. ಹಾಲಿನಲ್ಲಿ ಅರೆದು ಕುಡಿದರೆ ಹಾನಿ ತಗ್ಗುತ್ತದೆ, ನೀರಿನಲ್ಲಿ ಅರೆದರೆ ಆ ರಕ್ಷಣೆ ಇಲ್ಲ. ಆರೋಗ್ಯಕ್ಕೆಂದು, ಆಕ್ಸಲೇಟ್ ಹೆಚ್ಚಿರುವ ಪಾಲಕ್, ಬೀಟ್‌ರೂಟ್ ಹಸಿ ಜ್ಯೂಸು ದಿನವೂ ಕುಡಿಯುವವರು ಕಲ್ಲಿನ ಇತಿಹಾಸವಿದ್ದರೆ ಅದನ್ನು ನಿಲ್ಲಿಸಬೇಕು. ಕರಾವಳಿಯವರಿಗೆ ಒಂದು ಎಚ್ಚರಿಕೆ: ಆಕ್ಸಲೇಟ್ ಹೆಚ್ಚಿರುವ ಹುಳಿಕಾಯಿ ಬಿಂಬುಳಿಯ ರಸವನ್ನು ಔಷಧಿಯೆಂದು ಲೋಟಗಟ್ಟಲೆ ಕುಡಿದು ಕಿಡ್ನಿ ಕೆಟ್ಟ ಪ್ರಕರಣಗಳು ಪಕ್ಕದ ಕೇರಳದಲ್ಲಿ ವರದಿಯಾಗಿವೆ. ಸಾರಿಗೆ ಒಂದೆರಡು ಕಾಯಿ ಹಾಕುವುದು ಬೇರೆ, ರಸ ಹಿಂಡಿ ಕುಡಿಯುವುದು ಬೇರೆ. ಕಿಡ್ನಿ ದುರ್ಬಲವಾದವರು ದಾರೆಹುಳಿಯನ್ನು (ಸ್ಟಾರ್ ಫ್ರೂಟ್) ಮುಟ್ಟಲೇಬಾರದು.

ಬಾಳೆದಿಂಡಿನ ರಸವಾಗಲಿ, ಬಿಯರ್ ಆಗಲಿ ಆಗಿರುವ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲನ್ನು ಕರಗಿಸುವುದಿಲ್ಲ. ಪಕ್ಕೆನೋವಿನ ಜೊತೆ ಚಳಿಜ್ವರ ಬಂದರೆ, ಮೂತ್ರ ನಿಂತರೆ ಇವನ್ನೆಲ್ಲ ಕುಡಿಯುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಏನೇ ಕುಡಿದರೂ ಮುಖ್ಯ ಲೆಕ್ಕ ಮೂತ್ರದ್ದು, ದಿನಕ್ಕೆ ಎರಡೂವರೆ ಲೀಟರ್ ಹೊರಬರಬೇಕು. ಒಂದು ರಜಾ ದಿನ ಬೆಳಿಗ್ಗೆಯಿಂದ ಮರುದಿನ ಬೆಳಿಗ್ಗೆವರೆಗೆ ಹಳೆಯ ಕ್ಯಾನಿನಲ್ಲಿ ಹಿಡಿದು ಅಳೆದರೆ ತಿಳಿಯುತ್ತದೆ. ಇದಕ್ಕೆ ಮೂರು ಲೀಟರ್, ಕಲಬುರಗಿ, ರಾಯಚೂರಿನ ಬಿಸಿಲಲ್ಲಿ ಇನ್ನೂ ಹೆಚ್ಚು ಕುಡಿಯಬೇಕಾಗುತ್ತದೆ. ಒಂದೇ ಸಲಕ್ಕಲ್ಲ, ಗಂಟೆಗೊಂದು ಲೋಟದಂತೆ, ಮಲಗುವಾಗಲೂ ಒಂದು. 1996ರ ಇನ್ನೊಂದು ಇಟಲಿ ಅಧ್ಯಯನದಲ್ಲಿ ಐದು ವರ್ಷದೊಳಗೆ ಮತ್ತೆ ಕಲ್ಲಾದವರು, ಹೆಚ್ಚು ನೀರು ಕುಡಿದವರಲ್ಲಿ ಶೇ 12, ಉಳಿದವರಲ್ಲಿ ಶೇ 27. ಹೃದಯ ಅಥವಾ ಕಿಡ್ನಿ ವೈಫಲ್ಯಕ್ಕೆ ನೀರಿನ ಮಿತಿ ಹೇಳಿಸಿಕೊಂಡವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅವರಿಗೆ ಎಳನೀರಿನ ಪೊಟ್ಯಾಸಿಯಂ ಕೂಡ ಅಪಾಯ ತರಬಹುದು.

ಜಾತ್ರೆ, ತೇರಿಗೆ ಬಂದ ಹೆಣ್ಣುಮಕ್ಕಳು ಕೈಗೆ ಬಂದ ಪಾನಕವನ್ನೂ ಬೇಡವೆನ್ನುವುದುಂಟು, ಕುಡಿದರೆ ಹೋಗಲು ಜಾಗವಿಲ್ಲವಲ್ಲ ಎಂಬ ಚಿಂತೆಗೆ. ಸಮಿತಿಯವರು ಹತ್ತಿರದ ಶಾಲೆಯ ಶೌಚಾಲಯದ ಬೀಗ ಆ ದಿನ ತೆಗೆಸಲಿ, ಅಲ್ಲಿ ನೀರು ತುಂಬಿಸಿಡಲಿ, ದಾರಿ ತೋರಿಸುವ ಬೋರ್ಡೊಂದನ್ನು ಚಪ್ಪರದ ಕಂಬಕ್ಕೇ ಕಟ್ಟಲಿ.

ಇಂತಿ,
ಕಿಡ್ನಿ ರೋಗಿಗಳ ಆಹಾರ ಸಲಹೆಗಾರರು