ಮೊದಲು ಕಿವಿ ನೋಡಿ, ಆಮೇಲೆ ತೂಕ

ದಪ್ಪ ಮೈಕಟ್ಟಿನವರು ವೈದ್ಯರ ಬಳಿ ಹೋದರೆ, ಕಾಯಿಲೆ ಏನೆಂದು ಹೇಳಿಕೊಳ್ಳುವ ಮೊದಲೇ ಮೈಗಾತ್ರದ ಬಗ್ಗೆ ಚುಚ್ಚುಮಾತು ಕೇಳಬೇಕಾಗಿದೆ. ಇತ್ತೀಚೆಗೆ ಕಿವಿನೋವೆಂದು ದಾವಣಗೆರೆಯ ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. ಹೊರರೋಗಿಗಳ ಸಾಲಿನ ನಡುವೆಯೇ ಇಟ್ಟಿದ್ದ ಯಂತ್ರದ ಮೇಲೆ ನಿಲ್ಲಿಸಿ, ನನ್ನ ತೂಕವನ್ನು ಎಲ್ಲರಿಗೂ ಕೇಳುವಂತೆ ಕೂಗಿ ಹೇಳಿದರು. ಒಳಗೆ ವೈದ್ಯರು ‘ಬೆಣ್ಣೆ ದೋಸೆ ಕಡಿಮೆ ಮಾಡಿ’ ಎಂದು ನಕ್ಕರು. ಕಿವಿಗೂ ದೋಸೆಗೂ ಏನು ಸಂಬಂಧವೋ! (ನಾನು ಬೆಣ್ಣೆ ದೋಸೆ ಬಿಟ್ಟು ವರ್ಷವಾಯಿತು, ಅದು ಬೇರೆ ಮಾತು.)

ಥೈರಾಯ್ಡ್ ಕೊರತೆ, ಪಿಸಿಒಎಸ್ (ಹೆಣ್ಣುಮಕ್ಕಳಲ್ಲಿ ಕಾಣುವ ಹಾರ್ಮೋನ್ ಏರುಪೇರಿನ ತೊಂದರೆ), ಸ್ಟೀರಾಯ್ಡ್ ಔಷಧಗಳಿಂದಲೂ ತೂಕ ಹೆಚ್ಚಬಹುದು. ರಕ್ತದೊತ್ತಡ ಅಳೆಯುವಾಗ ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಅದು ಇರುವುದಕ್ಕಿಂತ ಹೆಚ್ಚಾಗಿ ತೋರುತ್ತದೆ. ಆ ತಪ್ಪು ಅಂಕಿಗೂ ಬೈಗುಳ ನಮಗೇ. ಹೀಗೆ ಹಂಗಿಸಿಕೊಂಡವರು ಮುಂದೆ ತಪಾಸಣೆಗೆ ಹೋಗಲೇ ಹಿಂಜರಿಯುತ್ತಾರೆ.

ಆಸ್ಪತ್ರೆಗಳು ತೂಕದ ಯಂತ್ರವನ್ನು ಪರದೆಯ ಹಿಂದೆ ಇಡಲಿ, ರಕ್ತದೊತ್ತಡ ನೋಡಲು ದೊಡ್ಡ ತೋಳುಪಟ್ಟಿಯನ್ನೂ ತರಿಸಿಕೊಳ್ಳಲಿ. ತೂಕದ ವಿಚಾರ ಅಗತ್ಯವಿದ್ದರೆ ‘ಈ ಬಗ್ಗೆ ಮಾತನಾಡಬಹುದೇ?’ ಎಂದು ವೈದ್ಯರು ಮೊದಲು ಕೇಳಲಿ. ‘ಡಾಕ್ಟರೇ, ಮೊದಲು ಕಿವಿ ನೋಡಿ’ ಎನ್ನಲು ರೋಗಿಗಳೂ ಸಂಕೋಚಪಡಬೇಕಿಲ್ಲ.

– ಓದುಗರೊಬ್ಬರು, ದಾವಣಗೆರೆ