ಮಳೆಗಾಲದ ಬೆಂಕಿ: ಜಿಲ್ಲಾ ಪಂಚಾಯತ್ ಅಧ್ಯಕ್ಷರಿಗೊಂದು ಬಹಿರಂಗ ಪತ್ರ

ಕಾಸರಗೋಡು ಜಿಲ್ಲಾ ಪಂಚಾಯತ್ ಅಧ್ಯಕ್ಷರಿಗೆ, ಪೆರ್ಲದ ಕಡೆಯಿಂದ ನಮಸ್ಕಾರ.

ನಮ್ಮಲ್ಲಿ ಬೆಂಕಿ ಎಂದರೆ ಬೇಸಗೆಯ ಮಾತು. ಫೆಬ್ರವರಿ ಬಂತೆಂದರೆ ಗುಡ್ಡದ ಮುಳಿಹುಲ್ಲಿನ ಮೇಲೆ ಎಲ್ಲರ ಕಣ್ಣು. ನಮ್ಮ ಮನೆಗೆ ಬೆಂಕಿ ಬಂದದ್ದು ಮಳೆಗಾಲದ ಆಟಿ ತಿಂಗಳಲ್ಲಿ, ಧೋ ಎಂದು ಮಳೆ ಸುರಿಯುತ್ತಿದ್ದ ರಾತ್ರಿ.

ನನ್ನ ಮಾವನಿಗೆ ಬೀಡಿ ಬೇಕೇ ಬೇಕು. ಬೇಸಗೆಯಲ್ಲಿ ಜಗಲಿಯಲ್ಲಿ ಕೂತು ಸೇದುತ್ತಾರೆ. ಎರಚಲು ಹೊಡೆಯತೊಡಗಿದರೆ ಒಳಗೆ, ಮಂಚದ ಮೇಲೆಯೇ. ಬೂದಿ ಕೊಡವಲು ಪಕ್ಕದಲ್ಲೊಂದು ತೆಂಗಿನ ಕರಟ. ಇಸ್ತ್ರಿಪೆಟ್ಟಿಗೆಗೆ ಕೆಂಡ ಮಾಡುವ ಕರಟದಲ್ಲೇ ಬೀಡಿ ತುಂಡು ಹಾಕುತ್ತಿದ್ದರಲ್ಲ, ಅದನ್ನು ದಿನಾ ಕಂಡೂ ನಮಗೆ ಯಾರಿಗೂ ಏನೂ ಅನಿಸಿರಲಿಲ್ಲ. ಆ ರಾತ್ರಿ ಕಿಡಿ ಕರಟಕ್ಕೂ ಬೀಳಲಿಲ್ಲ, ಹತ್ತಿ ಹಾಸಿಗೆಯ ಹೊಲಿಗೆಯೊಳಗೆ ಇಳಿಯಿತು. ಉರಿಯೇ ಇಲ್ಲ. ನನಗೆ ಎಚ್ಚರವಾದದ್ದು ಕಮಟು ವಾಸನೆಗೆ. ಎರಡು ಕೊಡಪಾನ ನೀರು ಹೊಯ್ದು, ಆರಿತೆಂದು ಹಾಸಿಗೆಯನ್ನು ಕೊಟ್ಟಿಗೆಯ ಮಾಡಿನಡಿ ಒರಗಿಸಿ ಮಲಗಿದೆವು. ಬೆಳಗಿನ ಜಾವ ನೋಡಿದರೆ ಅಲ್ಲಿ ಅದು ಧಗಧಗ ಉರಿಯುತ್ತಿದೆ. ಪಕ್ಕದಲ್ಲಿ ಒಣ ತರಗೆಲೆಯ ರಾಶಿ, ಆಚೆ ದನ ಕರು. ಮೊದಲು ಹಗ್ಗ ಕೊಯ್ದೆವು. 101ಕ್ಕೆ ಫೋನು ಮಾಡಿದರೂ ಉಪ್ಪಳದಿಂದ ಬಂಡಿ ಹೊರಟು ನಮ್ಮ ಓಣಿ ಹತ್ತಬೇಕಲ್ಲ! ಅಷ್ಟರಲ್ಲಿ ಮಳೆಯೇ ನಮ್ಮನ್ನು ಕಾಪಾಡಿತು.

ಸೇದದೆ ಬಿಟ್ಟರೆ ಬೀಡಿ ತಾನಾಗಿ ಆರುತ್ತದೆ ಎನ್ನುತ್ತಾರೆ ಮಾವ. ಬೀಡಿಯ ಮಟ್ಟಿಗೆ ಅದು ಸುಳ್ಳಲ್ಲ. ಆದರೆ ಉದುರಿದ ಕಿಡಿಗೆ ಹತ್ತಿ ಸಿಕ್ಕಿದ ಮೇಲೆ ಸೇದುವವರ ಹಂಗಿಲ್ಲ. ಗಂಟೆಗಟ್ಟಲೆ ಒಳಗೊಳಗೇ ಹೊಗೆಯಾಡುತ್ತದೆ. ಮೇಲೆ ನೀರು ಹೊಯ್ದರೆ ಒಳಗಿನ ಕೆಂಡಕ್ಕೆ ಮುಟ್ಟುವುದಿಲ್ಲ. ಆ ಹೊಗೆಯಲ್ಲಿ ಬಣ್ಣ, ವಾಸನೆ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ನಿದ್ದೆಯಲ್ಲಿರುವವರು ಉರಿ ಏಳುವ ಮೊದಲೇ ಸಾಯುವುದು ಅದರಿಂದ.

ಕೆನಡಾದಲ್ಲಿ 2005ರಿಂದ, ಯುರೋಪ್ ಒಕ್ಕೂಟದಲ್ಲಿ 2011ರಿಂದ, ಸೇದದೆ ಇಟ್ಟರೆ ಬೇಗ ಆರುವಂತೆ ಕಾಗದದಲ್ಲೇ ಪಟ್ಟಿ ಕೂಡಿಸಿದ ಸಿಗರೇಟು ಕಡ್ಡಾಯ. ನಮ್ಮಲ್ಲಿ ಪ್ಯಾಕೆಟಿನ ಶೇ. 85ರಷ್ಟು ಜಾಗ ರೋಗದ ಎಚ್ಚರಿಕೆಗೆ ಹೋಗಿದೆ, ಹಾಸಿಗೆಯ ಸುದ್ದಿಯಿಲ್ಲ. ಇರಲಿ, ಅದು ದಿಲ್ಲಿಯ ಕೆಲಸ.

ನಿಮ್ಮಿಂದ ಆಗುವ ಕೆಲಸ ಬೇರೆ ಇದೆ. ಗುಣವಾಗದ ಕಾಯಿಲೆಯವರ ನೋವು ತಗ್ಗಿಸುವ ಪಾಲಿಯೇಟಿವ್ ಆರೈಕೆಗೆ 2008ರಲ್ಲೇ ನೀತಿ ಮಾಡಿದ ರಾಜ್ಯ ನಮ್ಮ ಕೇರಳ. ಹಾಸಿಗೆ ಹಿಡಿದವರಿರುವ ಮನೆಗೆ ಸಿಸ್ಟರ್ ಬರುತ್ತಾರೆ, ಬಿಪಿ ನೋಡುತ್ತಾರೆ, ಬೆನ್ನಿನ ಹುಣ್ಣು ನೋಡುತ್ತಾರೆ. ಮಂಚದ ಬುಡವನ್ನೂ ಒಮ್ಮೆ ನೋಡಲು ಹೇಳಿ. ಏಳಲಾರದವರು ಮಲಗಿದಲ್ಲೇ ಸೇದುತ್ತಾರೆ, ಬೆಂಕಿ ಬಿದ್ದರೆ ಏಳಲಾರದವರೂ ಅವರೇ. ಆಕ್ಸಿಜನ್ ಯಂತ್ರವಿರುವ ಮನೆಯಲ್ಲಂತೂ ಹೊದಿಕೆ, ಕೂದಲಿನಲ್ಲೆಲ್ಲ ಆಕ್ಸಿಜನ್ ತುಂಬಿಕೊಂಡಿರುತ್ತದೆ. ಯಂತ್ರ ಆಫ್ ಮಾಡಿದ ಕೂಡಲೇ ಬೀಡಿ ಹಚ್ಚಿದರೂ ಅಪಾಯ. ಇದನ್ನು ನಮಗೆ ಯಾರೂ ಹೇಳಿರಲಿಲ್ಲ.

ಸಿಸ್ಟರ್‌ಗಳಿಗೂ ಆಶಾ ಕಾರ್ಯಕರ್ತೆಯರಿಗೂ ಅಗ್ನಿಶಾಮಕ ದಳದವರಿಂದ ಅರ್ಧ ದಿನದ ತರಬೇತಿ ಕೊಡಿಸಿ. ಸೇದುವವರಿರುವ ಪ್ರತಿ ಮನೆಗೂ ಹೊಯ್ಗೆ (ಮರಳು) ತುಂಬಿದ ಒಂದು ಅಗಲ ಬಾಯಿಯ ಡಬ್ಬ ಸಿಗಲಿ. ಹಾಸಿಗೆ ಹಿಡಿದ ಬಡವರ ಕೋಣೆಗೆ ಬ್ಯಾಟರಿಯ ಹೊಗೆ ಅಲಾರಂ ಹಾಕಲು ಯೋಜನಾ ನಿಧಿಯಲ್ಲಿ ದಾರಿ ಹುಡುಕಿ. "ಬೀಡಿ ಬಿಡಿ" ಎಂಬ ಉಪದೇಶ ಇದರ ಜತೆ ಬೇಡ. ಉಪದೇಶ ಕೇಳಿದ ಮಾವ ಬೀಡಿಯನ್ನು ತಲೆದಿಂಬಿನಡಿ ಅಡಗಿಸಿದ್ದರು.

ಇನ್ನೊಂದು. ಮಾಹಿತಿಯ ಕಾಗದ ಕನ್ನಡದಲ್ಲಿರಲಿ. ಒಮ್ಮೆ ಒಂದು ಕಚೇರಿಯಿಂದ ಸುರಕ್ಷೆಯ ಕರಪತ್ರ ಬಂದಿತ್ತು, ಪೂರ್ತಿ ಮಲಯಾಳ. ಮಾವನಿಗೆ ಮಲಯಾಳ ಮಾತು ಬರುತ್ತದೆ, ಅಕ್ಷರ ಬಾರದು. ಅದನ್ನು ಸುರುಳಿ ಮಾಡಿ ಒಲೆಯಿಂದ ಬೀಡಿಗೆ ಬೆಂಕಿ ತಂದರು.

ಕರಟ ಈಗ ಒಲೆ ಸೇರಿದೆ. ಅದರ ಜಾಗದಲ್ಲಿ ಹಳೆಯ ಹಾರ್ಲಿಕ್ಸ್ ಡಬ್ಬ ಇದೆ, ಅರ್ಧ ಹೊಯ್ಗೆ. ಮಾವ ಬೈದುಕೊಂಡೇ ಅದರಲ್ಲಿ ತುಂಡು ಚುಚ್ಚುತ್ತಾರೆ.

ಇತಿ,
ಪೆರ್ಲದ ಕಡೆಯ ಒಬ್ಬ ಸೊಸೆ