ದೊಡ್ಡ ಬ್ಯಾಟರಿಗೆ ದುಡ್ಡು ಸುರಿಯೋ ಮೊದ್ಲು ಟೈರ್ ನೋಡು ಪುಟ್ಟಿ

ಪುಟ್ಟೀ,

ಫೋನಲ್ಲಿ ಜೋರು ಮಾಡಿದ್ದಕ್ಕೆ ಬೇಜಾರ್ ಮಾಡ್ಕೋಬೇಡ ಕಣೇ, ಸೆಕೆಂಡ್ ಹ್ಯಾಂಡ್ ಗಾಡಿ ಯಾಕೆ ತಗೊಂಡೆ ಅಂತ ಆ ಹೊತ್ತಲ್ಲಿ ಕೇಳಬಾರದಿತ್ತು. ಸ್ವಂತ ದುಡಿಮೇಲಿ ತಗೊಂಡಿದೀಯ, ಅದೂ ನಮ್ಮ ಬಿಡದಿಯಲ್ಲೇ ಜೋಡಿಸಿರೋ ಕ್ಯಾಮ್ರಿ ಹೈಬ್ರಿಡ್, ಅಂಗಡಿಗೆ ಬಂದೋರಿಗೆಲ್ಲ ಫೋಟೋ ತೋರಿಸಿದೀನಿ. ಆದ್ರೆ ಶನಿವಾರ ಬೆಂಗಳೂರಿಂದ ಒಬ್ಳೇ ಪುಣೆಗೆ ಹೊರಟಿದೀಯ, ಮೇ ತಿಂಗಳ ಬಿಸಿಲು, 800 ಕಿಲೋಮೀಟರ್ ಮೇಲಿನ ದಾರಿ, ಇದರ ಮಧ್ಯೆ ಗಾಡಿ ಬೇಸ್‌ಮೆಂಟಲ್ಲಿ ಸ್ಟಾರ್ಟೇ ಆಗ್ತಿಲ್ಲ, ಗ್ಯಾರೇಜಿನೋನು ಹೈಬ್ರಿಡ್ ಬ್ಯಾಟರಿ ಹೋಗಿದೆ ಲಕ್ಷಗಟ್ಲೆ ಆಗತ್ತೆ ಅಂದ ಅಂತ ನೀನು ಅಳೋ ದನೀಲಿ ಹೇಳಿದ್ರೆ ನಂಗೆ ಹೆಂಗಾಗ್ಬೇಕು ಹೇಳು.

ನಮ್ಮ ಬ್ಯಾಟರಿ ಅಂಗಡಿ ಕತೆ ನಿಂಗೆ ಹೇಳಬೇಕಿಲ್ಲ, ಕೌಂಟರ್ ಪಕ್ಕ ಕೂತೇ ಓದಿದೋಳು ನೀನು. ಅದಕ್ಕೇ ನೇರ ವಿಷಯಕ್ಕೆ ಬರ್ತೀನಿ. ಆ ಗ್ಯಾರೇಜಿನೋನು ವೋಲ್ಟ್ ಅಳೆಯೋ ಮೀಟರ್ ಹಿಡಿದ್ನಾ ಅಂತ ಕೇಳ್ದೆ, ಇಲ್ಲ ಅಂದೆ. ಮೀಟರ್ ಹಿಡೀದೆ ಬ್ಯಾಟರಿ ಸತ್ತಿದೆ ಅನ್ನೋನ ಮಾತು ನಂಬಬೇಡ. ನಿನ್ನ ಗಾಡೀಲಿ ಎರಡು ಬ್ಯಾಟರಿ ಇದೆ. ಹಿಂದಿನ ಸೀಟಿನ ಬೆನ್ನಿಗಿರೋದು ದೊಡ್ಡದು, 244.8 ವೋಲ್ಟ್, ನಿಕ್ಕಲ್ ಮೆಟಲ್ ಹೈಡ್ರೈಡ್, 34 ಮಾಡ್ಯೂಲ್, ಅಂದ್ರೆ ಸಣ್ಣ ಸಣ್ಣ ಬ್ಯಾಟರಿ ತುಂಡು, ಸಾಲಾಗಿ ಜೋಡಿಸಿರ್ತಾರೆ. ಇನ್ನೊಂದು ಡಿಕ್ಕೀಲಿರೋ ಮಾಮೂಲಿ 12 ವೋಲ್ಟಿಂದು. ಇಂಜಿನ್ ತಿರುಗಿಸೋದು ದೊಡ್ಡದೇ, ಆದ್ರೆ ಅದನ್ನ ಲೈನಿಗೆ ತರೋ ರಿಲೇ ಸ್ವಿಚ್ಚುಗಳು, ಕಂಪ್ಯೂಟರ್‌ಗಳು ಎದ್ದೇಳಬೇಕಂದ್ರೆ ಈ ಸಣ್ಣದು ಬೇಕು. ಇದು ಇಳಿದ್ರೆ ಡ್ಯಾಶ್‌ಬೋರ್ಡಲ್ಲಿ ಇರೋಬರೋ ಲೈಟೆಲ್ಲ ಹತ್ತತ್ತೆ, ಮಿಣುಕತ್ತೆ, ಟಕ್ ಟಕ್ ಅನ್ನತ್ತೆ, ಗಾಡಿ ಹೊರಡಕ್ಕೆ ತಯಾರು ಅನ್ನೋ ರೆಡಿ ಲೈಟ್ ಮಾತ್ರ ಬರಲ್ಲ. ನೀನು ಹೇಳಿದ್ದೂ ಇದನ್ನೇ. ನೀನು ಟ್ರೈನಿಂಗಿಗೆ ಹೋಗಿದ್ದಾಗ ಗಾಡಿ ವಾರಗಟ್ಲೆ ನಿಂತಿತ್ತಲ್ಲ, ಕೀಲೆಸ್, ಅಲಾರ್ಮು ಎಲ್ಲ ಇದರಿಂದಲೇ ಕರೆಂಟ್ ಎಳ್ಕೊಳ್ತಾ ಇರತ್ತೆ.

ಮಲ್ಟಿಮೀಟರ್ ಯಾರ ಹತ್ರನಾದ್ರೂ ತಗೊಂಡು ಡಿಕ್ಕಿ ಬ್ಯಾಟರಿ ಟರ್ಮಿನಲ್‌ಗೇ ಹಿಡಿ. ಗಾಡಿ ಆಫ್ ಇದ್ದಾಗ 12.6 ಆಸುಪಾಸು ಇದ್ರೆ ತುಂಬಿದೆ, 12.2 ಅಂದ್ರೆ ಅರ್ಧ, 11.8ಕ್ಕಿಂತ ಕೆಳಗೆ ಹೋದ್ರೆ ಖಾಲಿ. ಚಾರ್ಜ್ ಮಾಡಿಸಿ, ರೆಡಿ ಬಂದ ಮೇಲೆ ಮತ್ತೆ ಹಿಡಿ, ಹೆಚ್ಚುಕಮ್ಮಿ 14 ಬಂದ್ರೆ ಚಾರ್ಜಿಂಗ್ ಆಗ್ತಿದೆ ಅಂತ ಅರ್ಥ, ಆಲ್ಟರ್ನೇಟರ್ ಇಲ್ಲ ಇದಕ್ಕೆ, ದೊಡ್ಡ ಬ್ಯಾಟರಿಯಿಂದ ಕನ್ವರ್ಟರ್ ಮೂಲಕ ಬರತ್ತೆ. ರಾತ್ರಿಯೆಲ್ಲ ಬಿಟ್ಟು ಬೆಳಿಗ್ಗೆ ಮತ್ತೆ ಬಿದ್ದೋಗಿದ್ರೆ ಬ್ಯಾಟರಿ ಮುಗಿದಿದೆ, ಬದಲಾಯಿಸು. ಬೇರೆ ಬ್ಯಾಟರಿಯಿಂದ ವೈರ್ ಕೊಟ್ಟು ಜಂಪ್ ಮಾಡಿಸೋವಾಗ ಪ್ಲಸ್ಸು ಮೈನಸ್ಸು ಅದಲುಬದಲಾದ್ರೆ ಸಾವಿರದ ಕೆಲಸ ಲಕ್ಷಕ್ಕೆ ಹೋಗತ್ತೆ, ನೀನೇ ನಿಂತು ನೋಡು. ಬೇಸ್‌ಮೆಂಟಲ್ಲಿ ರೆಡಿ ಹಾಕಿ ಒಳಗೆ ಕೂತಿರಬೇಡ, ಇಂಜಿನ್ ತಾನೇ ಆನ್ ಆಗತ್ತೆ, ಹೊಗೆ ತುಂಬ್ಕೊಳತ್ತೆ. ಇನ್ನೊಂದು, ಕಮ್ಮಿಗೆ ಸಿಗತ್ತೆ ಅಂತ ನೀರು ಹಾಕೋ ಬ್ಯಾಟರಿ ಕೂರಿಸ್ತಾರೆ, ಡಿಕ್ಕಿ ಅಂದ್ರೆ ಕ್ಯಾಬಿನ್ ಇದ್ದಂಗೆ, ಅದರ ಗ್ಯಾಸ್ ಒಳಗೇ ನಿಲ್ಲತ್ತೆ. ನೀರು ಹಾಕಬೇಕಿಲ್ಲದ ಸೀಲ್ಡ್ ಎಜಿಎಂ ಟೈಪೇ ಬೇಕು, ಗ್ಯಾಸ್ ಹೊರಗೆ ಹೋಗೋ ಪೈಪ್ ಇದ್ರೆ ಅದನ್ನ ಮತ್ತೆ ಸಿಗಿಸಿದ್ರಾ ನೋಡು.

ದೊಡ್ಡದು ನಿಜವಾಗ್ಲೂ ಸೋತಿದ್ರೆ ಬೇರೆ ತರ ಗೊತ್ತಾಗತ್ತೆ. ಚಾರ್ಜ್ ಕಡ್ಡಿಗಳು ಸರಕ್ಕನೆ ಏರಿ ಸರಕ್ಕನೆ ಇಳೀತವೆ, ಇಂಜಿನ್ ಆಫೇ ಆಗಲ್ಲ, ಹಿಂದಿನ ಸೀಟಿನ ಹತ್ರ ಫ್ಯಾನ್ ಕಿರುಚತ್ತೆ. ಆ ಗಾಳಿ ಜಾಲರಿಗೆ ಧೂಳು ತುಂಬಿದೆಯಾ ನೋಡು, ಬ್ಯಾಗ್ ಬಟ್ಟೆ ಅಡ್ಡ ಇಡಬೇಡ, ಬಿಸಿ ಆದ್ರೆ ಬೇಗ ಸಾಯತ್ತೆ ಅದು. ಗಾಡಿ ಕಂಪ್ಯೂಟರ್ ಓದೋ ಓಬಿಡಿ ಸ್ಕ್ಯಾನರ್ ಹಾಕಿಸಿದ್ರೆ ಎರಡೆರಡು ಮಾಡ್ಯೂಲಿನ ಒಂದೊಂದು ಬ್ಲಾಕಿನ ವೋಲ್ಟೇಜ್ ಕಾಣತ್ತೆ, ಗಾಡಿ ಎಳೆಯೋವಾಗ ಒಂದು ಬ್ಲಾಕ್ ಮಾತ್ರ ಉಳಿದಿದ್ದಕ್ಕಿಂತ ಒಂದು ವೋಲ್ಟ್‌ಗಿಂತ ಜಾಸ್ತಿ ಕುಸಿದ್ರೆ ಅಥವಾ ದೊಡ್ಡ ಬ್ಯಾಟರಿ ಬದಲಾಯಿಸು ಅನ್ನೋ ಪಿ0ಎ80 ಕೋಡ್ ಬಂದ್ರೆ ಆಗ ಅವನ ಮಾತಲ್ಲಿ ಹುರುಳಿದೆ. ದೊಡ್ಡ ಬ್ಯಾಟರಿ ಕರೆಂಟ್ ಹರಿಯೋ ಕಿತ್ತಳೆ ಬಣ್ಣದ ಕೇಬಲ್ ಮಾತ್ರ ಮುಟ್ಟಬೇಡ, ಗೊತ್ತಿಲ್ದೋರಿಗೆ ಮುಟ್ಟಕ್ಕೂ ಬಿಡಬೇಡ.

ಮೈಲೇಜ್ ಕಮ್ಮಿ ಆಗಿದೆ ಅಂತ ಹೋದ ತಿಂಗಳೇ ಅಂದಿದ್ದೆ ನೀನು. ಹೈಬ್ರಿಡ್ ಮೈಲೇಜ್ ಬಿದ್ರೆ ಎಲ್ಲರ ಬೆರಳೂ ದೊಡ್ಡ ಬ್ಯಾಟರಿ ಕಡೆ ಹೋಗತ್ತೆ, ಗಾಳಿ ಕಮ್ಮಿ ಇರೋ ಟೈರ್ ಯಾರಿಗೂ ನೆನಪಾಗಲ್ಲ. ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ಗಾಳಿ ನೋಡಿಸು, ಡ್ರೈವರ್ ಡೋರ್ ತೆಗೆದ್ರೆ ಸ್ಟಿಕ್ಕರಲ್ಲಿ ಎಷ್ಟು ಅಂತ ಬರೆದಿದೆ, ಪಂಕ್ಚರ್ ಅಂಗಡಿಯೋನ ಅಂದಾಜು ಬೇಡ. ಟೈರಿನ ಎರಡು ಅಂಚು ಸವೆದಿದ್ರೆ ಗಾಳಿ ಕಮ್ಮಿ ಓಡಿಸಿದಾರೆ, ಮಧ್ಯ ಸವೆದಿದ್ರೆ ಜಾಸ್ತಿ, ಒಂದೇ ಅಂಚು ತಿಂದಿದ್ರೆ ಅಲೈನ್‌ಮೆಂಟ್ ಹೋಗಿದೆ. ಬ್ಯಾಟರೀಲಿ ಹೋಗೋವಾಗ ಗುಂಯ್ ಅಂತ ಸದ್ದು ಬರತ್ತೆ ಅಂದ್ಯಲ್ಲ, ಇಂಜಿನ್ ಸದ್ದಿಲ್ಲದಿದ್ರೆ ಟೈರಿಂದು, ವೀಲ್ ಬೇರಿಂಗಿಂದು ಕೇಳಿಸತ್ತೆ. ವೇಗದ ಜೊತೆ ಏರಿದ್ರೆ, ಸ್ಟೇರಿಂಗ್ ಸ್ವಲ್ಪ ಆಕಡೆ ಈಕಡೆ ಮಾಡಿದಾಗ ಬದಲಾದ್ರೆ, ಮೊದ್ಲು ಬೇರಿಂಗ್ ನೋಡಿಸು.

ಈಗ ನಂಗೆ ನಿದ್ದೆ ಕೆಡಿಸ್ತಿರೋ ವಿಷಯ. ಹಿಂದೊಂದು ಏಪ್ರಿಲಲ್ಲಿ ದಾವಣಗೆರೆ ಕಡೆಯಿಂದ ಒಂದು ಬಿಳಿ ಕಾರು ಅಂಗಡಿ ಮುಂದೆ ನಿಂತಿತ್ತು, ಟರ್ಮಿನಲ್ ಕ್ಲೀನ್ ಮಾಡಿಸಕ್ಕೆ. ಹೊಸದಾಗಿ ತಗೊಂಡಿದ್ದ ಹಳೇ ಗಾಡಿ. ಟೈರ್ ಫಳಫಳ ಅಂತಿತ್ತು, ಪಾಲಿಶ್ ಬಳಿದು ಕೊಟ್ಟಿದಾರೆ. ನಾನು ಸುಮ್ನೆ ಹೆಬ್ಬೆರಳಲ್ಲಿ ಪಕ್ಕ ಉಜ್ಜಿದೆ, ಬೆರಳು ಕರ್ರಗಾಯ್ತು, ಕೆಳಗೆ ನೋಡಿದ್ರೆ ಬೇಸಿಗೆಯ ಕೆರೆ ಅಂಗಳದ ತರ ಬಿರುಕು. ಟೈರ್ ಮೇಲೆ 0811 ಅಂತ ಅಚ್ಚಿತ್ತು, ಅಂದ್ರೆ 2011ರ 8ನೇ ವಾರ ತಯಾರಾಗಿದ್ದು, ಅಷ್ಟೊತ್ತಿಗೆ ಎಂಟು ವರ್ಷ ದಾಟಿತ್ತು. ಹೇಳ್ದೆ. ಗಾಡಿ ಓಡಿಸ್ತಿದ್ದೋನು "ಬಟನ್ ಹೊಸದರ ತರ ಇದೆಯಲ್ಲ ಮೇಡಂ" ಅಂದ, ರೋಡಿಗೆ ತಾಗೋ ಟೈರಿನ ಗೀರು ತೋರಿಸಿ. ಹಿಂದಿನ ಸೀಟಲ್ಲಿ ಒಂದು ಹುಡುಗಿ, ಐದಾರು ವರ್ಷದ್ದು, ಕಡ್ಲೆಕಾಯಿ ಸುಲಿದು ಸಿಪ್ಪೆನ ಕಿಟಕಿ ಸಂದೀಲಿ ಒಂದೊಂದೇ ಜೋಡಿಸ್ತಿತ್ತು. ಮಟಮಟ ಮಧ್ಯಾಹ್ನ, ಹಿರಿಯೂರು ಕಡೆ ಹೊರಟ್ರು. ಆಮೇಲೆ ಏನಾಯ್ತೋ ಗೊತ್ತಿಲ್ಲ. ಏನೂ ಆಗಿರಲ್ಲ, ಸುಖವಾಗೇ ಮುಟ್ಟಿರ್ತಾರೆ. ಆದ್ರೂ ಹೈವೇಲಿ ಟೈರ್ ಸಿಡೀತು ಅಂತ ಪೇಪರಲ್ಲಿ ಬಂದಾಗೆಲ್ಲ ಬಿಳಿ ಕಾರಾ ಅಂತ ನೋಡ್ತೀನಿ, ಇವತ್ತಿಗೂ. ಆ ಸಿಪ್ಪೆ ಜೋಡಿಸೋ ಕೈ ಕಣ್ಣಿಗೆ ಬರತ್ತೆ.

ಅದಕ್ಕೇ ಹೇಳೋದು, ಬಟನ್ ಮಾತ್ರ ನೋಡಿ ನಂಬಬೇಡ. 1.6 ಮಿಲಿಮೀಟರ್ ಕೆಳಗೆ ಸವೆದ್ರೆ ಕಾನೂನೇ ಒಪ್ಪಲ್ಲ ಸರಿ, ಆದ್ರೆ ರಬ್ಬರ್ ನಿಂತಲ್ಲೇ ವಯಸ್ಸಾಗತ್ತೆ. 5 ವರ್ಷ ಆದ್ಮೇಲೆ ವರ್ಷ ವರ್ಷ ಚೆಕ್ ಮಾಡ್ಸಿ, 10 ಆದ್ರೆ ಹೆಂಗೇ ಇರ್ಲಿ ತೆಗೀರಿ ಅಂತ ಟೈರ್ ಕಂಪನಿಯೋರೇ ಹೇಳ್ತಾರೆ, ನಮ್ಮ ಚಿತ್ರದುರ್ಗದ ಬಿಸಿಲಿಗೆ ನಾನು 6ಕ್ಕೇ ತೆಗೆಸೋದು. ಗಾಳಿ ಕಮ್ಮಿ ಇರೋ ಹಳೇ ಟೈರು, ಮಧ್ಯಾಹ್ನದ ರೋಡು, ನೂರರ ಸ್ಪೀಡು, ಮೂರೂ ಸೇರಬಾರದು ಕಣೇ. ಆ ಹುಡುಗಿ ಅಪ್ಪನೂ ಓದಿದೋನೇ, ತಿಳುವಳಿಕೆ ಇದ್ದೋನೇ ಇದ್ದ. ಸ್ಟೆಪ್ನಿಯಂತೂ ಮರೀಲೇಬೇಡ, ಮುಟ್ಟೇ ಇಲ್ಲ ಹೊಸದು ಅಂತ ಮಾರಿದೋನು ಹೇಳಿದ್ನಂತಲ್ಲ, 2016ರ ಗಾಡಿಗೆ ಬಂದ ಸ್ಟೆಪ್ನಿ ಅದೇ ಆಗಿದ್ರೆ ಡಿಕ್ಕೀಲಿ ಮಲಗಿದ್ದಲ್ಲೇ ಹಳೇದಾಗಿದೆ.

ಪುಣೆಗೆ ಹೋಗ್ಬೇಡ ಅನ್ನಲ್ಲ, ನೀನು ಗಾಡಿ ಓಡಿಸೋದು ನಂಗೆ ಹೆಮ್ಮೆನೇ. ಬೆಳಿಗ್ಗೆ ಐದಕ್ಕೆ ಬಿಡು, ಬಿಸಿಲೇರೋ ಮೊದ್ಲು ಇಲ್ಲಿ ಚಿತ್ರದುರ್ಗಕ್ಕೆ ಬಂದ್ಬಿಡು, ಊಟ ಮಾಡಿ ಮಲಗಿ ಸಂಜೆ ಮುಂದಕ್ಕೆ ಹೋಗು, ಇಲ್ಲಾಂದ್ರೆ ರಾತ್ರಿ ಇದ್ದು ಭಾನುವಾರ ಹೋಗು.

ನಾಳೆನೇ ಸ್ಟೆಪ್ನಿ ಸೇರಿ ಐದೂ ಟೈರಿನ ನಾಲ್ಕಂಕಿ ಫೋಟೋ ತೆಗೆದು ಕಳಿಸು. ಹೊರಗಡೆ ಕಾಣದಿದ್ರೆ ಒಳಗಿನ ಪಕ್ಕ ಇರತ್ತೆ, ಟಾರ್ಚ್ ಹಿಡಿದು ನೋಡು. ಹಳೇದಾಗಿದ್ರೆ ಬೆಂಗಳೂರಲ್ಲೇ ಹಾಕಿಸ್ಕೊಂಡು ಹೊರಡು, ಆ ದುಡ್ಡು ನಾನು ಹಾಕ್ತೀನಿ, ಬೇಡ ಅನ್ನಕೂಡದು. ಡಿಕ್ಕಿ ಬ್ಯಾಟರಿಂದು ನೀನೇ ಕೊಡು, ಬಿಲ್ಲು ವಾರಂಟಿ ಕಾರ್ಡು ಎರಡೂ ಇಸ್ಕೋ.

ಅಮ್ಮ